ಯುದ್ಧ ಕಂಡ ಮಕ್ಕಳ ಶಾಲೆ: ಕಟ್ಟುವುದು ಮತ್ತು ನಡೆಸುವುದು

ಕಳೆದ ಎರಡು ಜುಮಾ ಖುತ್ಬಾಗಳಲ್ಲಿ ನಾವು ಯತೀಮ್ ಮಕ್ಕಳ ಹಕ್ಕುಗಳ ಕುರಿತು ಮಾತನಾಡಿದ್ದೆವು. ನಮಾಝಿನ ನಂತರ ಹಲವರು ಬಂದು ಒಂದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದರು. "ಉಸ್ತಾದರೇ, ಗಾಝಾದ ಮಕ್ಕಳಿಗೆ ಒಂದು ಶಾಲೆ ಕಟ್ಟಿಸಿಕೊಡಬೇಕಾದರೆ ಎಷ್ಟು ಖರ್ಚಾದೀತು? ನಾವು ನಾಲ್ಕೈದು ಜಮಾಅತಿನವರು ಸೇರಿದರೆ ಆಗಲಿಕ್ಕಿಲ್ಲವೇ?" ಒಳ್ಳೆಯ ಮನಸ್ಸಿನಿಂದ ಬಂದ ಪ್ರಶ್ನೆ. ಆದರೆ ಮಿಂಬರಿನ ಮೇಲಿನ ಹದಿನೈದು ನಿಮಿಷಗಳಲ್ಲಿ ಅದಕ್ಕೆ ಉತ್ತರ ಹೇಳಲಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. ಶಾಲೆ ಕಟ್ಟಿಸುವ ಖರ್ಚು ಒಮ್ಮೆ ಬಂದು ಹೋಗುವ ಖರ್ಚು. ಕಟ್ಟಿದ ಮರುದಿನದಿಂದ ಪ್ರತಿ ತಿಂಗಳೂ ಬರುವ ಖರ್ಚು ಬೇರೆಯೇ ಇದೆ. ಅದರ ಬಗ್ಗೆ ನಮ್ಮಲ್ಲಿ ಯಾರೂ ಕೇಳಲಿಲ್ಲ. ಯುದ್ಧದಲ್ಲಿ ಒಮ್ಮೆ ಶಾಲೆ ಕಳೆದುಕೊಂಡ ಮಗುವಿಗೆ ಹೊಸ ಶಾಲೆ ಸಿಕ್ಕಿ, ಎರಡು ವರ್ಷಗಳಲ್ಲಿ ಹಣವಿಲ್ಲದೆ ಅದೂ ಮುಚ್ಚಿಹೋದರೆ, ಆ ಮಗು ಮೂರನೇ ಬಾರಿ ಯಾರನ್ನು ನಂಬಬೇಕು?

ಈ ವಿಷಯವನ್ನು ಅರ್ಥ ಮಾಡಿಕೊಳ್ಳಲು ಜೆರುಸಲೇಮಿನ, ಅಂದರೆ ನಮ್ಮ ಹಿರಿಯರು ಬೈತುಲ್ ಮುಖದ್ದಸ್ ಎಂದು ಕರೆಯುವ ನಗರದ, ಒಂದು ಶಾಲೆಯ ಕಥೆ ನೋಡೋಣ.

1948ರ ಏಪ್ರಿಲ್ 9ರಂದು ಜೆರುಸಲೇಮಿನ ಪಶ್ಚಿಮದಲ್ಲಿದ್ದ ದೇರ್ ಯಾಸೀನ್ ಎಂಬ ಹಳ್ಳಿಯ ಮೇಲೆ ಇರ್ಗುನ್ ಮತ್ತು ಲೆಹಿ ಎಂಬ ಝಿಯೋನಿಸ್ಟ್ ಸಶಸ್ತ್ರ ಗುಂಪುಗಳು ದಾಳಿ ಮಾಡಿದವು. ನೂರಕ್ಕೂ ಹೆಚ್ಚು ಹಳ್ಳಿಗರು ಕೊಲ್ಲಲ್ಪಟ್ಟರು. ಅವರಲ್ಲಿ ಹೆಂಗಸರು, ವೃದ್ಧರು, ಪುಟ್ಟ ಮಕ್ಕಳೂ ಇದ್ದರು. ಬದುಕುಳಿದ ಒಂದಷ್ಟು ಮಕ್ಕಳು ಜೆರುಸಲೇಮಿನ ಹಳೆ ನಗರದ ಬೀದಿಗೆ ಬಂದು ಬಿದ್ದರು. ಅಲ್ಲಿ ಅವರನ್ನು ಕಂಡವರು ಹಿಂದ್ ಅಲ್-ಹುಸೈನಿ ಎಂಬ ಮಹಿಳೆ. ನಗರದ ಹೆಸರುವಾಸಿ ಹುಸೈನಿ ಮನೆತನದವರು, ಶಿಕ್ಷಕಿಯಾಗಿ ದುಡಿದವರು, ಆಗ ಸುಮಾರು 32 ವರ್ಷ ವಯಸ್ಸು. ಅವರು ಲೆಕ್ಕ ಹಾಕಿದಾಗ ಮಕ್ಕಳು 55 ಜನ. ಅವರ ಕೈಯಲ್ಲಿದ್ದದ್ದು 138 ಫೆಲೆಸ್ತೀನ್ ಪೌಂಡ್.

ನಗರದಲ್ಲಿ ಗುಂಡಿನ ಸದ್ದು ನಿಂತಿರಲಿಲ್ಲ. ಹಿಂದ್ ಅವರು ಮೊದಲು ಮಾರುಕಟ್ಟೆಯ ಹತ್ತಿರ ಎರಡು ಕೋಣೆಗಳಲ್ಲಿ ಮಕ್ಕಳನ್ನು ಇರಿಸಿ ದಿನವೂ ಹೋಗಿ ನೋಡಿಕೊಂಡರು. ಹೀಗೆ ದಿನಾ ಓಡಾಡುವುದು ಅಪಾಯ ಎಂದು ಹೇಳಿ ಮಕ್ಕಳಿಗೆ ತಮ್ಮ ಬಾಗಿಲು ತೆರೆದವರು ಒಂದು ಕಾನ್ವೆಂಟಿನ ಕ್ರೈಸ್ತ ಭಗಿನಿಯರು. ಮಕ್ಕಳನ್ನು ಅಲ್ಲಿಗೆ ಸ್ಥಳಾಂತರಿಸಿದ ಸ್ವಲ್ಪ ಸಮಯದಲ್ಲೇ ಆ ಎರಡು ಕೋಣೆಗಳು ಬಾಂಬಿಗೆ ತುತ್ತಾದವು. ಕದನ ವಿರಾಮವಾದ ಮೇಲೆ ಹಿಂದ್ ಅವರು ಮಕ್ಕಳನ್ನು ಶೇಖ್ ಜರ್ರಾಹ್ ಬಡಾವಣೆಯಲ್ಲಿದ್ದ ತಮ್ಮ ಅಜ್ಜನ ಬಂಗಲೆಗೆ ಕರೆತಂದರು. ಅವರು ಹುಟ್ಟಿದ ಮನೆ ಅದು. ಅದಕ್ಕೆ ದಾರುತ್ತಿಫ್ಲ್ ಅಲ್-ಅರಬಿ, ಅಂದರೆ ಅರಬ್ ಮಗುವಿನ ಮನೆ, ಎಂದು ಹೆಸರಾಯಿತು.

ಇಲ್ಲಿಯವರೆಗಿನ ಕಥೆಯನ್ನು ಹಲವರು ಕೇಳಿರಬಹುದು. ಇದರ ಮೇಲೆ ಸಿನೆಮಾ ಕೂಡ ಬಂದಿದೆ. ನಮಗೆ ಬೇಕಾಗಿರುವುದು ಆಮೇಲಿನ ಭಾಗ. 55 ಮಕ್ಕಳಿಗೆ ಅಂದು ರಾತ್ರಿಯ ಊಟ ಮತ್ತು ಹಾಸಿಗೆ ಬೇಕಿತ್ತು. ಅದು ಒಂದು ವಾರದ ಕೆಲಸ. ಆದರೆ ಆ ಮಕ್ಕಳು ಬೆಳೆದರು. ಬೇರೆ ಹಳ್ಳಿಗಳ ಅನಾಥ ಮಕ್ಕಳೂ ಬಂದು ಸೇರಿದರು. ಶಿಶುವಿಹಾರ ಬೇಕಾಯಿತು, ಪ್ರಾಥಮಿಕ ಶಾಲೆ ಬೇಕಾಯಿತು, ಪ್ರೌಢಶಾಲೆ ಬೇಕಾಯಿತು. ಹೆಣ್ಣುಮಕ್ಕಳು ಮುಂದೆ ಓದಬೇಕೆಂದಾಗ 1982ರಲ್ಲಿ ಮಹಿಳಾ ಕಾಲೇಜು ಆರಂಭವಾಯಿತು. ಹಳ್ಳಿಗಳ ಕಸೂತಿ ಉಡುಪು ಮತ್ತು ಮನೆಬಳಕೆಯ ವಸ್ತುಗಳನ್ನು ಸಂಗ್ರಹಿಸಿ ವಸ್ತುಸಂಗ್ರಹಾಲಯವನ್ನೂ ಮಾಡಿದರು. ತಾಯಿ ಹೇಗೆ ಉಡುತ್ತಿದ್ದಳು ಎಂಬ ನೆನಪೂ ಇಲ್ಲದ ಮಕ್ಕಳಿಗೆ ಅದು ಬೇಕಿತ್ತು ಎಂದು ನಮಗನಿಸುತ್ತದೆ. ಹಿಂದ್ ಅವರು ಮದುವೆಯಾಗಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅಂದರೆ ಒಂದು ದಿನ ಬೀದಿಯಲ್ಲಿ ಕಂಡ ಮಕ್ಕಳಿಗಾಗಿ 46 ವರ್ಷ.

ಆ 46 ವರ್ಷಗಳಲ್ಲಿ ಏನೇನು ಆಯಿತು ನೋಡಿ. ಮಕ್ಕಳು ಸಿಕ್ಕಾಗ ನಗರ ಬ್ರಿಟಿಷರ ಆಡಳಿತದಲ್ಲಿತ್ತು. ಒಂದು ತಿಂಗಳಲ್ಲಿ ಬ್ರಿಟಿಷರು ಹೋದರು, ಪೂರ್ವ ಜೆರುಸಲೇಮ್ ಜೋರ್ಡಾನಿನ ಕೈಗೆ ಬಂತು. 1967ರ ಯುದ್ಧದಲ್ಲಿ ಇಸ್ರೇಲ್ ಅದನ್ನು ವಶಪಡಿಸಿಕೊಂಡಿತು. ಒಂದೇ ಶಾಲೆ, ಮೂರು ಆಡಳಿತ. ನೋಂದಣಿ, ಹಣ ತರಿಸುವ ದಾರಿ, ಶಿಕ್ಷಕರ ಪರವಾನಗಿ ಇವೆಲ್ಲ ಪ್ರತಿ ಬಾರಿಯೂ ಹೊಸದಾಗಿ ಆಗಬೇಕು. 1967ರ ನಂತರ ಇಸ್ರೇಲ್ ಪೂರ್ವ ಜೆರುಸಲೇಮಿನ ಸರಕಾರಿ ಶಾಲೆಗಳಲ್ಲಿ ತನ್ನ ಪಠ್ಯಕ್ರಮವನ್ನು ತರಲು ಹೊರಟಾಗ ಶಿಕ್ಷಕರು ಮುಷ್ಕರ ಹೂಡಿದರು, ಹೆತ್ತವರು ಮಕ್ಕಳನ್ನು ಜೋರ್ಡಾನ್ ಪಠ್ಯವನ್ನೇ ಕಲಿಸುತ್ತಿದ್ದ ಖಾಸಗಿ ಶಾಲೆಗಳಿಗೆ ಸೇರಿಸಿದರು. ಕೊನೆಗೆ ಆ ಪ್ರಯತ್ನವನ್ನು ಅಂದಿಗೆ ಕೈಬಿಡಬೇಕಾಯಿತು. 1993ರಿಂದ ವೆಸ್ಟ್ ಬ್ಯಾಂಕಿನ ಫೆಲೆಸ್ತೀನಿಯರು ಪರವಾನಗಿ ಇಲ್ಲದೆ ಜೆರುಸಲೇಮ್ ಪ್ರವೇಶಿಸುವಂತಿಲ್ಲ. ದಾರುತ್ತಿಫ್ಲ್ ಇರುವುದು ಜೆರುಸಲೇಮಿನೊಳಗೆ. ಕೆಲವೇ ಮೈಲಿ ದೂರದ ಹಳ್ಳಿಯ ಹುಡುಗಿಗೂ ಅಲ್ಲಿಗೆ ಬರಲು ಕಾಗದ ಬೇಕು. ಬಾಂಬಿನಿಂದ ಉಳಿದ ಶಾಲೆಗೆ ಈ ಕಾಗದಗಳೇ ಇನ್ನೊಂದು ಪರೀಕ್ಷೆ. ಇಷ್ಟಾದರೂ ಆ ಸಂಸ್ಥೆ ಮುಂದುವರಿದು ಬಂದಿದೆ.

ಇನ್ನು, ಯುದ್ಧ ಕಂಡ ಮಕ್ಕಳ ಶಾಲೆಯ ಒಳಗೆ ಏನು ನಡೆಯಬೇಕು ಎಂಬುದನ್ನು ನೋಡೋಣ. ಇದು ನಮ್ಮ ಊರಿನ ಶಾಲೆಯಂತಲ್ಲ.

ನಾಲ್ಕು ವರ್ಷ ಶಾಲೆ ತಪ್ಪಿದ ಹನ್ನೆರಡರ ಹುಡುಗನಿಗೆ ಅಕ್ಷರ ಬಾರದು. ಅವನನ್ನು ಏಳು ವರ್ಷದವರ ಜೊತೆ ಒಂದನೇ ತರಗತಿಯಲ್ಲಿ ಕೂರಿಸಿದರೆ ನಾಚಿಕೆಯಿಂದ ಎರಡೇ ದಿನಗಳಲ್ಲಿ ಬಿಟ್ಟು ಹೋಗುತ್ತಾನೆ. ಅಂಥವರಿಗೆ ಎರಡು ವರ್ಷದ ಪಾಠವನ್ನು ಒಂದು ವರ್ಷದಲ್ಲಿ ಕಲಿಸುವ ಬೇರೆ ತರಗತಿ ಬೇಕು. ಬಾಗಿಲು ಜೋರಾಗಿ ಬಡಿದರೆ ಮೇಜಿನಡಿ ನುಸುಳುವ ಮಗು, ತಿಂಗಳಾದರೂ ಬಾಯಿ ಬಿಡದ ಮಗು, ತಮ್ಮನ ಕೈ ಬಿಡಲೊಪ್ಪದ ಅಕ್ಕ ಇವರಿಗೆಲ್ಲ ಮೊದಲ ಪಾಠ ಗಣಿತವಲ್ಲ. ದಿನವೂ ಅದೇ ಹೊತ್ತಿಗೆ ಗಂಟೆ ಬಾರಿಸುವುದು, ಅದೇ ಟೀಚರ್ ಬರುವುದು, ಅದೇ ಜಾಗದಲ್ಲಿ ಕುಳಿತುಕೊಳ್ಳುವುದು, ಇವೇ ಅವರಿಗೆ ಚಿಕಿತ್ಸೆ. ಯುದ್ಧ ಆ ಮಗುವಿನಿಂದ ಕಿತ್ತುಕೊಂಡದ್ದು ನಾಳೆ ಏನಾಗುತ್ತದೆ ಎಂಬ ಭರವಸೆಯನ್ನು. ಅದನ್ನು ಹಿಂದಿರುಗಿಸುವುದು ವೇಳಾಪಟ್ಟಿ. ಆಟ, ಚಿತ್ರ ಬಿಡಿಸುವುದು, ಮಾತನಾಡಲು ಒಬ್ಬ ತರಬೇತಾದ ಕೌನ್ಸಿಲರ್ ಇವು ಐಷಾರಾಮವೆಂದು ಯಾರೂ ತಿಳಿಯಬಾರದು.

ಹುಡುಗಿಯರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ ಮತ್ತು ನೀರು ಇಲ್ಲದಿದ್ದರೆ ಹತ್ತು ಹನ್ನೊಂದು ವರ್ಷಕ್ಕೆ ಅವರು ಬರುವುದು ನಿಲ್ಲುತ್ತದೆ. ಆಮೇಲೆ ನಿರಾಶ್ರಿತರ ಶಿಬಿರಗಳಲ್ಲಿ ಬಾಲ್ಯವಿವಾಹದ ದಾರಿ ಬಹಳ ಹತ್ತಿರ. ಹುಡುಗರನ್ನು ಕೆಲಸ ಎಳೆದುಕೊಳ್ಳುತ್ತದೆ. ತಂದೆಯಿಲ್ಲದ ಮನೆಯಲ್ಲಿ ಹದಿಮೂರರ ಹುಡುಗನೇ ದುಡಿಯುವ ಗಂಡಸು. ಅವನಿಗೆ ಮಧ್ಯಾಹ್ನದ ಊಟ ಕೊಡುವ ಶಾಲೆ, ಅಥವಾ ಕೆಲಸದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ನಡೆಯುವ ಶಾಲೆ ಬೇಕು. ಲೆಬನಾನಿನಲ್ಲಿ ಸಿರಿಯಾದ ನಿರಾಶ್ರಿತ ಮಕ್ಕಳಿಗೆ ಹೊಸ ಕಟ್ಟಡ ಕಟ್ಟುವ ಬದಲು ಸರಕಾರಿ ಶಾಲೆಗಳಲ್ಲೇ ಮಧ್ಯಾಹ್ನದ ಎರಡನೇ ಪಾಳಿ ಆರಂಭಿಸಿದರು. ಬೆಳಿಗ್ಗೆ ಆ ಊರಿನ ಮಕ್ಕಳು, ಮಧ್ಯಾಹ್ನದ ನಂತರ ಇವರು. ಅದರಲ್ಲೂ ತೊಂದರೆಗಳಿವೆ. ಆದರೆ ಕಟ್ಟಡವೇ ಮೊದಲು ಬೇಕು ಎಂಬ ನಮ್ಮ ಯೋಚನೆ ಎಷ್ಟು ಸರಿ ಎಂದು ಅದು ಕೇಳುವಂತೆ ಮಾಡುತ್ತದೆ. ಗಾಝಾದಲ್ಲಿ 2023ರ ಅಕ್ಟೋಬರಿನ ನಂತರ ಶಾಲಾ ಕಟ್ಟಡಗಳು ಮನೆ ಕಳೆದುಕೊಂಡವರ ಆಶ್ರಯತಾಣಗಳಾದವು, ಹಲವು ಬಾಂಬಿಗೆ ಬಿದ್ದವು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲೆ ನಿಂತುಹೋಯಿತು. ಆಗ ಅಲ್ಲಿನ ಶಿಕ್ಷಕ ಶಿಕ್ಷಕಿಯರು ಡೇರೆಯಲ್ಲಿ, ಚಾಪೆಯ ಮೇಲೆ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಕಟ್ಟಡವಿಲ್ಲದೆ ಶಾಲೆ ನಡೆದದ್ದನ್ನು ಜಗತ್ತು ನೋಡಿತು. ಶಿಕ್ಷಕರಿಲ್ಲದೆ ನಡೆದ ಶಾಲೆಯನ್ನು ಯಾರೂ ನೋಡಿಲ್ಲ.

ಇಲ್ಲಿ ಬದ್ರ್‌ನ ಘಟನೆ ನೆನಪಿಗೆ ಬರುತ್ತದೆ. ಹಿಜರಿ 2ರಲ್ಲಿ ನಡೆದ ಆ ಯುದ್ಧದಲ್ಲಿ ಸೆರೆ ಸಿಕ್ಕ ಮಕ್ಕಾದವರ ಬಿಡುಗಡೆಗೆ ನಾಲ್ಕು ಸಾವಿರ ದಿರ್ಹಮ್‌ವರೆಗೆ ಹಣ ಪಡೆಯಲಾಯಿತು. ಮದೀನಾಕ್ಕೆ ಆಗ ಹಣದ ಅಗತ್ಯ ಎಷ್ಟಿತ್ತೆಂದು ಹೇಳಬೇಕಾಗಿಲ್ಲ. ಆದರೂ ಕೊಡಲು ಹಣವಿಲ್ಲದ, ಓದುಬರಹ ಬಲ್ಲ ಕೈದಿಗಳಿಗೆ ಪ್ರವಾದಿ(ಸ) ಬೇರೆ ದಾರಿ ತೋರಿಸಿದರು. ಅನ್ಸಾರರ ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಅದೇ ಅವರ ಬಿಡುಗಡೆ ಹಣ ಎಂದು ಸೀರಾ ಗ್ರಂಥಗಳಲ್ಲಿದೆ. ಯುದ್ಧ ಮುಗಿದ ಕೂಡಲೇ, ಸೋತ ಶತ್ರುವಿನಿಂದಲೂ ಮಕ್ಕಳಿಗೆ ವಿದ್ಯೆ ಪಡೆದರು. ಬಾಂಧವರೇ, ಅಂದು ಬೆಲೆ ಕಟ್ಟಿದ್ದು ಗೋಡೆಗಲ್ಲ, ಕಲಿಸುವವನಿಗೆ.

ಹಾಗಾದರೆ ಖರ್ಚಿನ ದೊಡ್ಡ ಪಾಲು ಯಾವುದು? ಶಿಕ್ಷಕರ ಸಂಬಳ. ಫೆಲೆಸ್ತೀನ್ ನಿರಾಶ್ರಿತರಿಗಾಗಿ ವಿಶ್ವಸಂಸ್ಥೆ 1949ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಉನ್ರ್ವಾ ಎಂಬ ಸಂಸ್ಥೆಯನ್ನೇ ತೆಗೆದುಕೊಳ್ಳಿ. 1950ರಲ್ಲಿ ಕೆಲಸ ಆರಂಭಿಸಿದಾಗ ಅದರ ಎಷ್ಟೋ ತರಗತಿಗಳು ಡೇರೆಗಳಲ್ಲಿ ನಡೆದವು. ಮುಂದೆ ಐದು ಲಕ್ಷದಷ್ಟು ಮಕ್ಕಳು ಓದುವ ಶಾಲೆಗಳ ಜಾಲವಾಯಿತು. ಬಜೆಟಿನ ಅರ್ಧಕ್ಕಿಂತ ಹೆಚ್ಚು ಹಣ ಶಿಕ್ಷಣಕ್ಕೆ. ಶಿಕ್ಷಕರಲ್ಲಿ ಹೆಚ್ಚಿನವರು ನಿರಾಶ್ರಿತರೇ, ಅದೇ ಶಾಲೆಗಳಲ್ಲಿ ಓದಿ ಬಂದವರು. ಆದರೆ ಈ ದೊಡ್ಡ ಸಂಸ್ಥೆಗೆ ಖಾಯಂ ಆದಾಯ ಎಂಬುದಿಲ್ಲ. ದೇಶಗಳು ಇಚ್ಛೆಯಿಂದ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 2018ರಲ್ಲಿ ಅಮೆರಿಕ ಕೊಡುವುದನ್ನು ನಿಲ್ಲಿಸಿತು. ನಂತರ ಮತ್ತೆ ಕೊಟ್ಟಿತು. 2024ರ ಜನವರಿಯಲ್ಲಿ ಮತ್ತೆ ಹಲವು ದೇಶಗಳು ತಡೆಹಿಡಿದವು. ಅಲ್ಲಿ ಒಂದು ರಾಜಧಾನಿಯಲ್ಲಿ ಸಹಿ ಬಿದ್ದರೆ ಇಲ್ಲಿ ಒಂದು ಶಿಬಿರದಲ್ಲಿ ಟೀಚರಮ್ಮನ ಸಂಬಳ ನಿಲ್ಲುತ್ತದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬಾಂಗ್ಲಾದೇಶದ ಕಾಕ್ಸ್ ಬಝಾರ್. 2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಮ್ಯಾನ್ಮಾರಿನಿಂದ ಓಡಿ ಅಲ್ಲಿಗೆ ಬಂದರು. ಶಿಬಿರಗಳಲ್ಲಿ ಬಿದಿರು ಮತ್ತು ಟಾರ್ಪಾಲಿನಿಂದ ಸಾವಿರಾರು ಕಲಿಕಾ ಕೇಂದ್ರಗಳು ಎದ್ದವು. ಕಟ್ಟುವ ಕೆಲಸ ಬೇಗ ಆಯಿತು. ಆದರೆ ಮಕ್ಕಳು ಕಲಿಯುವುದು ಯಾವ ದೇಶದ ಪಾಠ? ಬಾಂಗ್ಲಾ ಪಠ್ಯಕ್ಕೆ ಅಲ್ಲಿನ ಸರಕಾರದ ಒಪ್ಪಿಗೆ ಇರಲಿಲ್ಲ. ಮ್ಯಾನ್ಮಾರ್ ಪಠ್ಯಕ್ರಮ ಆರಂಭವಾಗಲು 2021ರ ಕೊನೆಯವರೆಗೆ ಕಾಯಬೇಕಾಯಿತು. ನಾಲ್ಕು ವರ್ಷ ಕಲಿತರೂ ಯಾವ ತರಗತಿ ಪಾಸು ಎಂದು ಹೇಳಲಾಗದ ಕಲಿಕೆ ಅದು. ನಮ್ಮ ಮಗ ಹತ್ತನೇ ತರಗತಿ ಬರೆದ ಮೇಲೆ ಅಂಕಪಟ್ಟಿ ಕೊಡುವುದಿಲ್ಲ ಎಂದರೆ ನಾವು ಸುಮ್ಮನಿರುತ್ತೇವೆಯೇ? ನಿರಾಶ್ರಿತ ಮಗುವಿಗೂ ಸರ್ಟಿಫಿಕೇಟ್ ಅಷ್ಟೇ ಮುಖ್ಯ. ಯಾವುದೋ ಒಂದು ದೇಶದ ಕಾಲೇಜು ಒಪ್ಪುವ ಕಾಗದ ಸಿಗದಿದ್ದರೆ ಆ ಶಾಲೆ ಮಕ್ಕಳನ್ನು ಹೊತ್ತು ಕಳೆಯಲು ಕೂರಿಸಿದಂತೆ. ಕಡೆಗೆ ಪಠ್ಯ ಬಂತು, ಆದರೆ 2025ರ ಜೂನ್‌ನಲ್ಲಿ ಹಣದ ಕೊರತೆಯಿಂದ ಅಲ್ಲಿನ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರ ಕೆಲಸ ಹೋಯಿತು, ತರಗತಿಗಳು ನಿಂತವು. ಬಿದಿರಿನ ಗೋಡೆಗಳು ಇದ್ದಲ್ಲೇ ಇದ್ದವು.

ಸುದ್ದಿ ಬಂದಾಗ ಹಣ ಬರುತ್ತದೆ, ಸುದ್ದಿ ಹೋದಾಗ ಹಣ ಹೋಗುತ್ತದೆ. ಇದು ಸರಕಾರಗಳಿಗೆ ಮಾತ್ರ ಅಂಟಿದ ರೋಗವಲ್ಲ. ಟಿವಿಯಲ್ಲಿ ರಕ್ತ ಕಂಡ ವಾರ ಮಸೀದಿಯ ಡಬ್ಬಿ ತುಂಬುತ್ತದೆ, ಮುಂದಿನ ತಿಂಗಳು ಅದೇ ಡಬ್ಬಿಯಲ್ಲಿ ಚಿಲ್ಲರೆ. ಸಣ್ಣದಾದರೂ ನಿರಂತರವಾಗಿ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿ(ಸ) ಕಲಿಸಿದ್ದು ತಹಜ್ಜುದ್ ನಮಾಝಿಗೆ ಮಾತ್ರ ಅನ್ವಯಿಸುವ ಪಾಠವಲ್ಲ. ಯತೀಮರು ಪ್ರಾಯಕ್ಕೆ ಬಂದು ಸ್ವಂತ ವಿವೇಕದಿಂದ ನಡೆಯಬಲ್ಲರು ಎಂದು ಖಚಿತವಾಗುವವರೆಗೆ ಅವರ ಹೊಣೆ ಹೊರಬೇಕೆಂಬುದು ಸೂರಃ ಅನ್ನಿಸಾಅ್‌ನ ಆರಂಭದ ಆಯತ್‌ಗಳಿಂದ ನಮಗೆ ತಿಳಿಯುತ್ತದೆ. ಐದು ವರ್ಷದ ಮಗುವಿಗೆ ಅದು ಹನ್ನೆರಡು ಹದಿಮೂರು ವರ್ಷದ ಲೆಕ್ಕ.

ಇಷ್ಟು ದೀರ್ಘ ಖರ್ಚಿಗೆ ಇಸ್ಲಾಮ್ ಒಂದು ವ್ಯವಸ್ಥೆಯನ್ನೇ ಕೊಟ್ಟಿದೆ, ಅದು ವಕ್ಫ್. ಖೈಬರಿನಲ್ಲಿ ತಮಗೆ ಸಿಕ್ಕ ಫಲವತ್ತಾದ ಜಮೀನನ್ನು ಏನು ಮಾಡಲಿ ಎಂದು ಉಮರ್(ರ) ಕೇಳಿದಾಗ, ಮೂಲವನ್ನು ಹಾಗೇ ಉಳಿಸಿ ಫಲವನ್ನು ದಾನ ಮಾಡುವಂತೆ ಪ್ರವಾದಿ(ಸ) ಸಲಹೆ ಕೊಟ್ಟರು. ಅದನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ನಮ್ಮ ಊರುಗಳಲ್ಲಿ ಇದು ಹೊಸತೇನಲ್ಲ. ಮಸೀದಿಯ ಕೆಳಗಿನ ಅಂಗಡಿಗಳ ಬಾಡಿಗೆಯಿಂದ ಮದ್ರಸದ ಉಸ್ತಾದರ ಸಂಬಳ ಹೋಗುತ್ತದೆ, ಅಜ್ಜ ಬಿಟ್ಟುಹೋದ ತೆಂಗಿನ ತೋಟದ ಉತ್ಪತ್ತಿಯಿಂದ ಮಸೀದಿಯ ಕರೆಂಟ್ ಬಿಲ್ ಕಟ್ಟುತ್ತೇವೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಮದ್ರಸಕ್ಕೆಂದು ತೆಗೆದಿಡುತ್ತಿದ್ದ ಉಮ್ಮಂದಿರನ್ನು ಹಿರಿಯರಿಗೆ ನೆನಪಿರಬಹುದು. ಆ ಹಿಡಿ ಅಕ್ಕಿಗೆ ಫಲಕ ಇರಲಿಲ್ಲ. ಯುದ್ಧಪೀಡಿತ ಮಕ್ಕಳ ಶಾಲೆಗೂ ಬೇಕಾದದ್ದು ಇದೇ ಲೆಕ್ಕಾಚಾರ. ಕಟ್ಟಡಕ್ಕೆ ಒಂದು ಭಾಗ ಹಣ ಸಿಕ್ಕರೆ, ಬಾಡಿಗೆಯೋ ಉತ್ಪತ್ತಿಯೋ ತರುವ ಆಸ್ತಿಗೆ ಎರಡು ಭಾಗ. ದಾನಿಗಳು ಕಟ್ಟಡವನ್ನೇ ಯಾಕೆ ಇಷ್ಟಪಡುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು. ಸಂಬಳದ ಮೇಲೆ ಹೆಸರು ಕೆತ್ತಿಸಲಾಗುವುದಿಲ್ಲ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅಳುವ ಮಗುವಿನ ಕೈಗೆ ಪುಸ್ತಕ ಕೊಟ್ಟು, ಪಕ್ಕದಲ್ಲಿ ಬ್ಯಾನರ್ ಹಿಡಿದು ಫೋಟೋ ತೆಗೆಸುವ ಪದ್ಧತಿ ಬೆಳೆದಿದೆ. ಆ ಮಗು ನಾಳೆ ದೊಡ್ಡವನಾಗುತ್ತಾನೆ, ಆ ಫೋಟೋ ಅಂತರ್ಜಾಲದಲ್ಲಿ ಹಾಗೇ ಇರುತ್ತದೆ. ದಾನವನ್ನು ಎತ್ತಿಹೇಳಿ ಪಡೆದವರ ಮನ ನೋಯಿಸಿದರೆ ಆ ದಾನವೇ ವ್ಯರ್ಥ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಲೆಕ್ಕಪತ್ರ ಕೇಳಿ, ಶಿಕ್ಷಕರಿಗೆ ಎಷ್ಟು ತಿಂಗಳ ಸಂಬಳ ಕೈಯಲ್ಲಿದೆ ಎಂದು ಕೇಳಿ. ಮಗುವಿನ ಮುಖ ಕೇಳಬೇಡಿ.

ಕೊನೆಯದಾಗಿ, ನಮ್ಮವರು ಕೇಳಿದ ವ್ಯವಹಾರದ ಪ್ರಶ್ನೆಗಳಿಗೆ ಬರೋಣ.

ಝಕಾತನ್ನು ಶಾಲಾ ಕಟ್ಟಡಕ್ಕೆ ಕೊಡಬಹುದೇ? ನಾಲ್ಕು ಮದ್‌ಹಬ್‌ಗಳ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಸೂರಃ ಅತ್ತೌಬಃದಲ್ಲಿ ಹೇಳಿದ ಎಂಟು ವಿಭಾಗದ ಜನರ ಕೈಗೆ ಝಕಾತ್ ಸೇರಬೇಕು. ಬಡ ವಿದ್ಯಾರ್ಥಿಗೆ ಅಥವಾ ಅವನ ಪೋಷಕರಿಗೆ ಕೊಡಬಹುದು, ಅವರು ಅದರಿಂದ ಫೀಸು, ಪುಸ್ತಕ, ಬಟ್ಟೆಯ ಖರ್ಚು ನೋಡಿಕೊಳ್ಳಬಹುದು. ಕಟ್ಟಡಕ್ಕೆ, ಸಂಬಳಕ್ಕೆ, ಆದಾಯದ ಆಸ್ತಿಗೆ ಸದಖ ಮತ್ತು ವಕ್ಫ್ ಇದೆ.

ಇಲ್ಲಿಂದ ಹಣ ಕಳುಹಿಸುವುದು ಹೇಗೆ? ಭಾರತದಲ್ಲಿ ವಾಸಿಸುವ ವ್ಯಕ್ತಿಯು ರಿಸರ್ವ್ ಬ್ಯಾಂಕಿನ ನಿಯಮದಂತೆ ತನ್ನ ಬ್ಯಾಂಕಿನ ಮೂಲಕ, ಪಾನ್ ಮತ್ತು ಅರ್ಜಿ ಕೊಟ್ಟು, ಹೊರದೇಶಕ್ಕೆ ದಾನ ಕಳುಹಿಸಲು ಅವಕಾಶವಿದೆ. ಜಮಾಅತ್ ಅಥವಾ ಟ್ರಸ್ಟಿನ ಖಾತೆಯಿಂದ ಕಳುಹಿಸುವ ಮುಂಚೆ ಲೆಕ್ಕಪರಿಶೋಧಕರನ್ನು ಕೇಳಲೇಬೇಕು. ಟ್ರಸ್ಟಿನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ತೆರಿಗೆ ವಿನಾಯಿತಿಗೆ ಪ್ರತ್ಯೇಕ ಒಪ್ಪಿಗೆ ಬೇಕು. ಗಲ್ಫಿನಲ್ಲಿರುವ ನಮ್ಮವರೂ ಗಮನಿಸಬೇಕು. ಯುಎಇಯಲ್ಲಿ ಪರವಾನಗಿ ಇಲ್ಲದವರು ದೇಣಿಗೆ ಸಂಗ್ರಹಿಸುವುದೇ ಅಪರಾಧ, ರೂಮಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಎತ್ತಿದರೂ ಸರಿ. ಎಲ್ಲಿಂದಲೋ ಬಂದ ಕ್ಯೂಆರ್ ಕೋಡಿಗೆ ಹಣ ಹಾಕಬೇಡಿ, ಹವಾಲಾದ ಹತ್ತಿರವೂ ಹೋಗಬೇಡಿ. ಸದುದ್ದೇಶ ಇತ್ತು ಎಂಬ ಮಾತು ಪೊಲೀಸ್ ಠಾಣೆಯಲ್ಲಿ ನಡೆಯುವುದಿಲ್ಲ.

ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ಏನಾದೀತು ಎಂದು ಕೇಳಿದ ಸಹೋದರಿಗೆ: ನೂರು ಮನೆಗಳು ಅಷ್ಟು ಕೊಟ್ಟರೆ ತಿಂಗಳಿಗೆ ಹತ್ತು ಸಾವಿರ. ಎಲ್ಲಿಗೆ, ಯಾವ ದಾರಿಯಿಂದ ಎಂದು ನಿರ್ಧರಿಸುವ ಮುಂಚೆ ಎಷ್ಟು ವರ್ಷ ಎಂದು ನಿರ್ಧರಿಸಿ ಬರೆದಿಡಿ. ಝಕಾತಿನ ಎಂಟು ವಿಭಾಗಗಳ ಬಗ್ಗೆ ಬಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಯಲ್ಲಿ ತೆಗೆದುಕೊಳ್ಳುತ್ತೇವೆ, ಇನ್‌ಶಾ ಅಲ್ಲಾಹ್.